ಕುನ್ನಿ ಕೈ ಕಚ್ಚುತ್ತಿದ್ದರೆ ಏನು ಮಾಡಬೇಕು

ಕಲಬುರಗಿಯ ನಮ್ಮ ಮನೆಯ ಕುನ್ನಿಗೆ ಈಗ ನಾಲ್ಕು ತಿಂಗಳು. ಕೈ ಕಂಡರೆ ಸಾಕು, ಬಾಯಿ ಹಾಕುತ್ತದೆ. ಇದು ಸಿಟ್ಟಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ, ಒಸಡು ಕಾಡುತ್ತದೆ. 6-7 ತಿಂಗಳಿಗೆ ಹಲ್ಲೆಲ್ಲ ಬಂದಿರುತ್ತವೆ.

ಹಲ್ಲು ತಾಗಿದ ಕೂಡಲೇ ಕೈ ಜಗ್ಗಬೇಡಿ. ಜಗ್ಗಿದರೆ ಅದಕ್ಕೆ ಆಟ, ಇನ್ನೂ ಜೋರಾಗಿ ಹಿಡಿಯುತ್ತದೆ. ಕೈ ಸಡಿಲ ಬಿಡಿ, ಮಾತು ನಿಲ್ಲಿಸಿ, ಎದ್ದು ಅತ್ತ ತಿರುಗಿ. ಅರ್ಧ ನಿಮಿಷ ಸಾಕು. ಆಮೇಲೆ ಕಚ್ಚಲು ಬೇರೆ ಏನಾದರೂ ಕೊಡಿ. ಹಳೇ ಟವೆಲ್ ನೆನೆಸಿ, ಗಂಟು ಹಾಕಿ, ಫ್ರಿಜ್‌ನಲ್ಲಿಟ್ಟು ಕೊಟ್ಟರೆ ನಮ್ಮ ಬಿಸಿಲಿಗೆ ಬಹಳ ಹಿತ. ಹರಿದು ನುಂಗದಂತೆ ಹತ್ತಿರವೇ ಇರಿ. ಬೇಯಿಸಿದ ಎಲುಬು ಮಾತ್ರ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಮನೆಯವರೆಲ್ಲ ಹೀಗೇ ಮಾಡಬೇಕು. ಒಬ್ಬರು ಕೈ ಕೊಟ್ಟು ಆಡಿಸಿದರೆ ಅದು ಕಲಿಯೋದು ಹೇಗೆ, ಅಲ್ವಾ?

ಸಂಜೆ ಜಾಸ್ತಿ ಕಚ್ಚಿದರೆ ನಿದ್ದೆ ಸಾಲದೆ ಇರಬಹುದು. ನಾನು ಒಳಕೋಣೆಯ ಶಾಬಾದ್ ಕಲ್ಲಿನ ಮೇಲೆ ಬಿಡುತ್ತೇನೆ, ತಂಪಿಗೆ ಮಲಗಿಬಿಡುತ್ತದೆ.

ದಯವಿಟ್ಟು ಮೂತಿಗೆ ಹೊಡೆಯಬೇಡಿ. ಕೈ ಕಂಡರೆ ಹೆದರುವ ನಾಯಿ ಮುಂದೆ ನಿಜವಾಗಿಯೂ ಕಚ್ಚಬಹುದು.

ಚರ್ಮ ಗೀರಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ. ಮರಿಗೆ ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ ತಪ್ಪದೆ ಹಾಕಿಸಿ.