ಅಟ್‌ಫೀಲ್ಡ್ ಪುಸ್ತಕಕ್ಕೆ ಮೈದಾ ಅಂಟು

ನಾನು ಬೆಳಗಾವಿಯಲ್ಲಿ ಡಿ.ಫಾರ್ಮ (ಔಷಧಶಾಸ್ತ್ರದ ಡಿಪ್ಲೊಮಾ) ಹುಡುಗರಿಗೆ ಪಾಠ ಮಾಡುವವನು, ಬೈಂಡರ್ ಅಲ್ಲ. ಶಹಾಪುರದಲ್ಲಿ ಹಳೇ ಔಷಧ ಅಂಗಡಿಯೊಂದನ್ನು ಖಾಲಿ ಮಾಡುವಾಗ ರದ್ದಿ ಜೊತೆ ತೂಕಕ್ಕೆ ಹೊರಟಿದ್ದ ಜಾನ್ ಅಟ್‌ಫೀಲ್ಡ್ ಅವರ ರಸಾಯನಶಾಸ್ತ್ರದ ಪುಸ್ತಕ ಕೈಗೆ ಸಿಕ್ಕಿತು. ಬೆನ್ನು ಕಿತ್ತಿತ್ತು. ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಮೊದಲೇ ಒಂದು ತಪ್ಪು ಮಾಡಿದೆ. ಬಡಗಿಗಳು ಬಳಸುವ ಬಿಳಿ ಅಂಟನ್ನು ಎರಡು ಹಾಳೆಗೆ ಹಚ್ಚಿಬಿಟ್ಟೆ. ಒಣಗಿದ ಮೇಲೆ ಅದು ನೀರಿಗೂ ಬಿಡಲ್ಲ, ಅಂಟಿದ ಜಾಗ ಗಟ್ಟಿಯಾಗಿ ಪಕ್ಕದಲ್ಲೇ ಕಾಗದ ಸೀಳಿತು. ಖಡೇಬಜಾರ್ ಕಡೆಯ ಹಿರಿಯ ಬೈಂಡರ್ ಒಬ್ಬರು, "ಮೈದಾ ಕುದಸ್ರಿ ಸರ, ಚೂರು ಮೈಲುತುತ್ತ ಹಾಕ್ರಿ, ಹುಳ ಬರೂದಿಲ್ಲ" ಅಂದರು. ಮೈದಾ ಒಪ್ಪಿದೆ, ಮೈಲುತುತ್ತ ಬಿಟ್ಟೆ. ತಾಮ್ರದ ಉಪ್ಪು ಹಳೇ ಕಾಗದವನ್ನು ಇನ್ನೂ ಬೇಗ ಹಾಳು ಮಾಡುತ್ತದೆ. ಆಗಿನ ಮರದ ತಿರುಳಿನ ಕಾಗದಕ್ಕೆ ಪಟಿಕ ಬೆರೆಸುತ್ತಿದ್ದರಲ್ಲ, ಹಾಳೆ ಕೆಡಲು ಅದರ ಆಮ್ಲವೇ ಸಾಕು. ತೆಳ್ಳಗೆ ಅಂಟು, ಮೇಲೆ ಟಿಶ್ಯೂ, ಅದರ ಮೇಲೆ ಕಲ್ಲು. ಮಳೆಗಾಲದಲ್ಲಿ ಮಾತ್ರ ಕೈ ಹಾಕಬೇಡಿ, ನಮ್ಮೂರ ಜುಲೈಯಲ್ಲಿ ಅಂಟು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ.

ಹಾಳೆ ಒಂದೊಂದೇ ಬಿಡಿಸುವಾಗ ಓದದೇ ಇರೋಕಾಗಲ್ಲ, ಅಲ್ವಾ? 1867ರಲ್ಲಿ ಮೊದಲು ಬಂದ ಪುಸ್ತಕ ಇದು. ಸಿದ್ಧಾಂತ ಅರ್ಧಕ್ಕರ್ಧ ಹಳತಾಗಿದೆ. ಆದರೆ ಔಷಧದ ಉಪ್ಪನ್ನು ನೀನೇ ಮಾಡು, ಮಾಡಿದ್ದನ್ನು ನೀನೇ ಪರೀಕ್ಷಿಸು ಅನ್ನುವ ಪಾಠದ ರೀತಿ ಹಳತಾಗಿಲ್ಲ. ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಪ್ರೆಸಿಪಿಟೇಟ್ (ಕರಗದೆ ಉಳಿಯುವ ಗಷ್ಟು), ಅಮೋನಿಯಾ ಹಾಕಿದರೆ ಅದು ಮಾಯ, ಅಂದರೆ ಕ್ಲೋರೈಡ್ ಇದೆ. ನಮ್ಮ ಹುಡುಗರು ಇವತ್ತಿಗೂ ಇದನ್ನೇ ಮಾಡುತ್ತಾರೆ. ಯಾರೋ ಕಂಪೌಂಡರ್ ಇಂಥ ಪರೀಕ್ಷೆಗಳ ಪಕ್ಕದಲ್ಲಷ್ಟೇ ಪೆನ್ಸಿಲ್ ಗುರುತು ಹಾಕಿದ್ದ, ಒಂದು ಕಡೆ ಗ್ರೇನಿನ ಲೆಕ್ಕವೂ ಇತ್ತು (ಗ್ರೇನ್ ಅಂದರೆ ಹಳೇ ತೂಕದ ಅಳತೆ, ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ).

ಅಟ್‌ಫೀಲ್ಡ್ ಲಂಡನ್ನಿನಲ್ಲಿ ಔಷಧಶಾಸ್ತ್ರ ಕಲಿಯುವವರಿಗೆ ಪಾಠ ಹೇಳಿದವರು. 1885 ಮತ್ತು 1898ರ ಬ್ರಿಟಿಷ್ ಫಾರ್ಮಕೋಪಿಯಾ (ಔಷಧಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥ) ಸಂಪಾದನೆಯಲ್ಲಿ ಅವರಿದ್ದರು. ಅದಕ್ಕೆ 1900ರಲ್ಲಿ ಇಂಡಿಯಾ ಮತ್ತು ವಸಾಹತುಗಳಿಗಾಗಿ ಒಂದು ಅನುಬಂಧ ಬಂತು, ಅದರಲ್ಲಿ ನಮ್ಮ ಆಡುಸೋಗೆ, ಅಮೃತಬಳ್ಳಿ, ಇಸಬ್ಗೋಲ್ ಎಲ್ಲ ಸೇರಿದವು. ಸ್ವತಂತ್ರ ಭಾರತದ ಫಾರ್ಮಕೋಪಿಯಾ ಬಂದಿದ್ದು 1955ರಲ್ಲಿ.

ಈಗ ಪುಸ್ತಕ ಲ್ಯಾಬ್‌ನ ಕಪಾಟಿನಲ್ಲಿದೆ, ಕೈ ತೊಳೆದುಕೊಂಡು ಬಂದರೆ ಯಾರು ಬೇಕಾದರೂ ತೆಗೆದು ನೋಡಬಹುದು. ಬಿಳಿ ಅಂಟು ಹಚ್ಚಿದ ಆ ಎರಡು ಹಾಳೆ ಹಾಗೇ ಇವೆ, ಬಿಡಿಸೋಕೆ ಧೈರ್ಯ ಬಂದಿಲ್ಲ.