ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕ್ಲಾಸು

ಡಯಟಿಷಿಯನ್ ಆಗಲು ಓದುತ್ತಿದ್ದ ಎಂಎಸ್ಸಿ ಎರಡನೇ ವರ್ಷದಲ್ಲಿ ನನ್ನ ದಿನ ಬೆಳಿಗ್ಗೆ ಆರೂವರೆಗೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಶುರುವಾಗುತ್ತಿತ್ತು. ಏಳೂವರೆಗೆ ಆಸ್ಪತ್ರೆಯ ಅಡುಗೆಮನೆ, ಒಂಬತ್ತಕ್ಕೆ ವಾರ್ಡ್ ರೌಂಡ್ಸ್, ಮಧ್ಯಾಹ್ನ ಎರಡಕ್ಕೆ ಕಾಲೇಜು. ಆರು ತಿಂಗಳ ಇಂಟರ್ನ್‌ಶಿಪ್ ಹೆಚ್ಚುಕಮ್ಮಿ ಹೀಗೇ. ಸ್ಟೈಪೆಂಡ್ ಇರಲಿಲ್ಲ. "ಏನು ತಿನ್ಬೇಕು ಅಂತ ಹೇಳೋಕೂ ಇಷ್ಟೆಲ್ಲ ಓದ್ಬೇಕಾ ಪುಟ್ಟಿ?" ಅಂತ ದೊಡ್ಡಪ್ಪ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಗೆಳತಿಯರು ಓದು ಮುಗಿಸಿ ಆಮೇಲೆ ಇಂಟರ್ನ್‌ಶಿಪ್ ಮಾಡಿದರು. ನಾನು ಎರಡನ್ನೂ ಒಟ್ಟಿಗೆ ಮಾಡಿದೆ. ಸುಸ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮಂಗಳವಾರ ಕ್ಲಾಸಿನಲ್ಲಿ ಕೇಳಿದ ಪೊಟ್ಯಾಸಿಯಂ ಬುಧವಾರ ಬೆಳಿಗ್ಗೆ ಒಬ್ಬ ಮನುಷ್ಯನ ರಕ್ತದ ರಿಪೋರ್ಟಿನಲ್ಲಿ ಕಂಡರೆ, ಅದನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲ ತಿಂಗಳು ಪೂರ್ತಿ ಅಡುಗೆಮನೆ. ಬೇಜಾರಾಗಿತ್ತು. ಡಿಗ್ರಿ ಮಾಡಿ ಬಂದವಳು ಸೌಟಿನಲ್ಲಿ ಸಾರು ಅಳೆಯುವುದೇ? ಭಟ್ಟರು ಬೇಳೆ ಬೆಂದ ಮೇಲೆ, ಉಪ್ಪು ಹಾಕುವ ಮೊದಲೇ, ಒಂದು ಪಾತ್ರೆ ಬೇರೆ ತೆಗೆದಿಡುತ್ತಿದ್ದರು. ಉಪ್ಪು ಕಮ್ಮಿ ಅಂತ ಚೀಟಿ ಇರುವ ತಟ್ಟೆಗಳಿಗೆ ಅದು. ಈ ಸಣ್ಣ ವಿಷಯ ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ನಿಜವಾದ ಪಾಠ ಆಗಿದ್ದು ಕಿಡ್ನಿ ವಾರ್ಡಿನಲ್ಲಿ. ಮಂಡ್ಯ ಕಡೆಯ ಒಬ್ಬರಿಗೆ ಪೊಟ್ಯಾಸಿಯಂ ಜಾಸ್ತಿ ಇತ್ತು. ನಾನು ಓದಿದ್ದನ್ನೇ ಹೇಳಿದೆ: ತರಕಾರಿ ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ನೀರು ಬಸಿದುಬಿಡಿ. ಅವರ ಹೆಂಡತಿ ಚೆನ್ನಾಗಿ ತಲೆಯಾಡಿಸಿದರು. ಎರಡು ವಾರದ ನಂತರ ಬಂದರೆ ಪೊಟ್ಯಾಸಿಯಂ ಇಳಿದೇ ಇಲ್ಲ. ನನ್ನ ಮೇಲ್ವಿಚಾರಣೆ ನೋಡುತ್ತಿದ್ದ ಮೇಡಂ ಪಕ್ಕದಲ್ಲೇ ಕೂತಿದ್ದರು. ಒಂದೇ ಪ್ರಶ್ನೆ ಕೇಳಿದರು: "ಬಸಿದ ನೀರು ಏನ್ ಮಾಡ್ತೀರಮ್ಮ?" ಆಕೆ ನಗುತ್ತಾ, "ಬಸ್ಸಾರು ಮಾಡ್ತೀನಿ ಮೇಡಂ, ಚೆಲ್ಲೋಕಾಗ್ತದಾ?" ಅಂದರು. ತರಕಾರಿಯಿಂದ ಬಿಟ್ಟ ಪೊಟ್ಯಾಸಿಯಂ ಎಲ್ಲಾ ಸಾರಿಗೆ ಹೋಗಿ ಮತ್ತೆ ಅವರ ತಟ್ಟೆಗೇ ಬಂದಿತ್ತು. ನಾನೂ ಬಸ್ಸಾರು ತಿಂದೇ ಬೆಳೆದವಳು. "ಬಸಿದುಬಿಡಿ" ಅಂದೆ, "ಚೆಲ್ಲಿ" ಅನ್ನಲಿಲ್ಲ. ಆಸ್ಪತ್ರೆ ಗೇಟಿನ ಎಳನೀರು ಗಾಡಿಯೂ ಇಂಥದ್ದೇ ತಲೆನೋವು. ರೋಗಿ ನೋಡಲು ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಎಳನೀರು ಹಿಡಿದು ಬರುತ್ತಾರೆ. ಕಿಡ್ನಿ ಕೈಕೊಟ್ಟವರಿಗೆ ಅದರ ಪೊಟ್ಯಾಸಿಯಂ ಅಪಾಯ ಅಂತ ಹೇಳಿದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ಇನ್ನೊಂದು ಸಲ ತಪ್ಪು ನನ್ನ ಲೆಕ್ಕದಲ್ಲೇ ಇತ್ತು. 60 ಕೆಜಿ ತೂಕದ ಒಬ್ಬರಿಗೆ, ಡಯಾಲಿಸಿಸ್ ಇಲ್ಲದ ಕಿಡ್ನಿ ರೋಗಿಗಳ ಲೆಕ್ಕದಲ್ಲಿ, ದಿನಕ್ಕೆ ಕೆಜಿಗೆ 0.6 ಗ್ರಾಂನಂತೆ 36 ಗ್ರಾಂ ಪ್ರೋಟೀನ್ ಬರೆದೆ. ಅವರಿಗೆ ಡಯಾಲಿಸಿಸ್ ಶುರುವಾಗಿದ್ದನ್ನು ಫೈಲಿನಲ್ಲಿ ನೋಡಿರಲಿಲ್ಲ. ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳೂ ಹೊರಗೆ ಹೋಗುತ್ತವೆ. ಹಾಗಾಗಿ ಕೆಜಿಗೆ 1.0ರಿಂದ 1.2 ಗ್ರಾಂ, ಅಂದರೆ 60ರಿಂದ 72 ಗ್ರಾಂ ಬೇಕಾಗಿತ್ತು. ಹೆಚ್ಚುಕಮ್ಮಿ ಅರ್ಧ ಕೊಟ್ಟಿದ್ದೆ! ಮೇಡಂ ಸಹಿ ಹಾಕದೆ ಹಾಳೆ ವಾಪಸ್ ಕೊಟ್ಟರು. ಬೈಯಲಿಲ್ಲ. "ಫೈಲ್ ಇನ್ನೊಂದ್ ಸಲ ಓದು" ಅಂದರು, ಅಷ್ಟೇ. ಮೇಲ್ವಿಚಾರಣೆ ಅಂದರೆ ಏನು ಅಂತ ಗೊತ್ತಾಗಿದ್ದು ಆವತ್ತು. ಆ ಸಹಿ ಇಲ್ಲದೆ ನನ್ನ ಒಂದು ಹಾಳೆಯೂ ಅಡುಗೆಮನೆಗೆ ಹೋಗುತ್ತಿರಲಿಲ್ಲ.

ಈ ದಾರಿಗೆ ಬರುವವರಿಗೆ ಒಂದು ಮಾತು. ಆಸ್ಪತ್ರೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅಲ್ಲಿ ನಿಮ್ಮ ಕೇಸು ಕೂತು ಓದುವವರು ಇದ್ದಾರಾ ಅಂತ ಮೊದಲು ವಿಚಾರಿಸಿ. ದಿನದ ಕೇಸುಗಳನ್ನು ಬರೆದಿಡುವ ಲಾಗ್‌ಬುಕ್ ಅವತ್ತಿಂದವತ್ತೇ ಬರೆಯಿರಿ. ನಾನು ಮೂರು ವಾರದ್ದು ಒಟ್ಟಿಗೆ ಬರೆಯಲು ಹೋಗಿ ಅತ್ತಿದ್ದೇನೆ. ಡಿಸರ್ಟೇಶನ್‌ಗೆ (ಎಂಎಸ್ಸಿ ಪ್ರಬಂಧಕ್ಕೆ) ರೋಗಿಗಳ ಮಾಹಿತಿ ಬೇಕಿದ್ದರೆ ಎಥಿಕ್ಸ್ ಕಮಿಟಿ ಅನುಮತಿಗೆ ಮೊದಲ ವಾರವೇ ಅರ್ಜಿ ಹಾಕಿ. ಮುಂದೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಆರ್‌ಡಿ (ರಿಜಿಸ್ಟರ್ಡ್ ಡಯಟಿಷಿಯನ್) ಪರೀಕ್ಷೆ ಬರೆಯುವಾಗ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬೇಕು, ಜೋಪಾನ. ನನಗೆ ಪರೀಕ್ಷೆಯಲ್ಲಿ ನೆರವಾಗಿದ್ದು ನೋಟ್ಸಿಗಿಂತ ಜಾಸ್ತಿ ಆ ಲಾಗ್‌ಬುಕ್ಕೇ.

ಕೊನೆಯ ತಿಂಗಳು ಒಪಿಡಿ. ಮಾಗಡಿಯಿಂದ ಒಬ್ಬರು ಅಜ್ಜಿ ಬಂದರು, ಸಕ್ಕರೆ ಕಾಯಿಲೆ. "ರಾಗಿ ತಾನೇ ತಿನ್ನೋದು, ಸಕ್ಕರೆ ಎಲ್ಲಿಂದ ಬಂತವ್ವಾ?" ಅಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪೋಷಕಾಂಶಗಳ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ, ದೇಹದಲ್ಲಿ ಸಕ್ಕರೆಯಾಗುವ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ, ಅಕ್ಕಿಗೆ 78. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ರ ಹತ್ತಿರ. ರಾಗಿ ಒಳ್ಳೆಯದೇ, ಆದರೆ ಲೆಕ್ಕಕ್ಕಿಲ್ಲದ್ದಲ್ಲ. ಇದನ್ನೆಲ್ಲ ಅಜ್ಜಿಗೆ ಹೇಳಲಿಲ್ಲ. "ಎಷ್ಟು ಮುದ್ದೆ ಅಜ್ಜಿ?" ಅಂದೆ. "ಒಂದೇ ಕಣವ್ವ." "ಎಷ್ಟು ದಪ್ಪ?" ಎರಡೂ ಕೈ ಸೇರಿಸಿ ತೋರಿಸಿದರು. ಅದರಲ್ಲಿ ಅರ್ಧದಷ್ಟು ಸಾಕು, ಜೊತೆಗೆ ಸೊಪ್ಪು, ಕಾಳು ಜಾಸ್ತಿ ಮಾಡಿ ಅಂದೆ.

ತಿಂಗಳಾದ ಮೇಲೆ ಬಂದು, ಹೇಳಿದ ಹಾಗೇ ಮುದ್ದೆ ಚಿಕ್ಕದು ಮಾಡಿದ್ದೇನೆ ಅಂದರು. ನಾನು ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಸೊಸೆ ಬಾಯಿ ಹಾಕಿದಳು: "ಎರಡು ತಿಂತಾರೆ ಮೇಡಂ."