ಫೊಂಟೇನ್ಹಾಸ್: ಗೋಡೆ ನೋಡಿ ಕೇರಿ ಓದುವ ಬಗೆ

ಪಣಜಿಯ ಕದಂಬ ಬಸ್‌ಸ್ಟ್ಯಾಂಡಿಗೆ ಇಳಿದ ನಮ್ಮ ಹುಬ್ಬಳ್ಳಿ-ಬೆಳಗಾವಿ ಕಡೆಯವರು ಬ್ಯಾಗು ಹೆಗಲಿಗೇರಿಸಿ ಸೀದಾ ಕಲಂಗುಟ್ ಬಸ್ಸು ಹುಡುಕುತ್ತಾರೆ. ಸ್ಟ್ಯಾಂಡಿನಾಚೆ ಊರೆಂ ಹಳ್ಳ, ಹಳ್ಳದಾಚೆ ಫೊಂಟೇನ್ಹಾಸ್, ಪೋರ್ಚುಗೀಸರ ಕಾಲದ ಹಳೆ ಮನೆಗಳ ಕೇರಿ. ಅಲ್ಲಿಯ ಮನೆಗಳಿಗೆ ಸುಣ್ಣಬಣ್ಣ ಮಾಡಿಯೇ ನಾನು ಮಕ್ಕಳನ್ನು ಓದಿಸಿದ್ದು. ಸಮುದ್ರ ಎಲ್ಲೂ ಹೋಗುವುದಿಲ್ಲ, ಮೊದಲು ಎರಡು ತಾಸು ಈ ಕೇರಿಗೆ ಕೊಡಿ. ಹೇಗೆ ನೋಡಬೇಕೆಂದು ಗೋಡೆ ಕೆಲಸದವನಾಗಿ ಹೇಳುತ್ತೇನೆ.

ದಸರಾ ಕಳೆದ ಮೇಲೆ ಬನ್ನಿ. ಮಳೆ ನಿಂತು ಗೋಡೆ ಒಣಗಿದ ನಂತರವೇ ನಾವು ಬ್ರಷ್ ಹಿಡಿಯುವುದು. ಕ್ರಿಸ್‌ಮಸ್ ಹೊತ್ತಿಗೆ ಎಷ್ಟೋ ಮನೆಗಳು ಹೊಸ ಬಣ್ಣದಲ್ಲಿರುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ ಬಂದರೆ ಒಳ್ಳೆಯದು. ಪಶ್ಚಿಮಕ್ಕೆ ಆಲ್ತಿನೊ ಗುಡ್ಡ ಇರುವುದರಿಂದ ಸಂಜೆ ಬಿಸಿಲು ಬೇಗ ಮರೆಯಾಗುತ್ತದೆ.

ದಕ್ಷಿಣದ ತುದಿಯಿಂದ, ಗುಡ್ಡದ ಬುಡದ ಫೊಂತೆ ಫೆನಿಕ್ಸ್ ಒರತೆಯಿಂದ ನಡಿಗೆ ಶುರು ಮಾಡಿ. 18ನೇ ಶತಮಾನದ ಕೊನೆಯಲ್ಲಿ ಈ ಜಾಗವೆಲ್ಲ ಮೊಜಾಂಬಿಕ್‌ನಲ್ಲಿ ಹಣ ಮಾಡಿ ಬಂದ ಆಂಟೋನಿಯೊ ಜೊವಾವ್ ಡಿ ಸಿಕೇರಾ ಎಂಬಾತನ ತೆಂಗಿನ ತೋಟ. ಅತ್ತ ರೋಗರುಜಿನಕ್ಕೆ ಆಗಿನ ರಾಜಧಾನಿ ಹಳೆ ಗೋವಾ ಬರಿದಾಗುತ್ತಿತ್ತು. 1759ರಲ್ಲಿ ಪೋರ್ಚುಗೀಸ್ ವೈಸರಾಯ್ ಪಣಜಿಗೆ ಬಂದು ನೆಲೆಸಿದ, 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಬಂದವರಿಗೆಲ್ಲ ಮನೆ ಬೇಕಲ್ಲ? ಗುಡ್ಡಕ್ಕೂ ಹಳ್ಳಕ್ಕೂ ನಡುವಿನ ಇಕ್ಕಟ್ಟು ಪಟ್ಟಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಕಟ್ಟಿಕೊಂಡರು. ಓಣಿಗಳು ಇಷ್ಟು ಸಣ್ಣವಾಗಿರುವುದು ಅದಕ್ಕೇ.

ಸ್ವಲ್ಪ ಮುಂದೆ ಸಾಂತ ಸೆಬಾಸ್ಟಿಯನ್ ಚಾಪೆಲ್. ಬಾಗಿಲು ತೆರೆದಿದ್ದರೆ ಒಳಗಿನ ಶಿಲುಬೆಯನ್ನು ನೋಡಿ. ಏಸುವಿನ ತಲೆ ಬಾಗಿಲ್ಲ, ಕಣ್ಣು ತೆರೆದೇ ಇವೆ. ಹಳೆ ಗೋವಾದ ಇಂಕ್ವಿಸಿಷನ್ (ಪೋರ್ಚುಗೀಸರ ಧರ್ಮವಿಚಾರಣೆಯ ನ್ಯಾಯಾಲಯ) ಅರಮನೆಯಲ್ಲಿ, ವಿಚಾರಣೆಗೆ ಬಂದವರ ಎದುರಿಗೆ ಇದ್ದ ಶಿಲುಬೆ ಅದು. 1812ರಲ್ಲಿ ಆ ನ್ಯಾಯಾಲಯ ರದ್ದಾಯಿತು.

ಈಗ 31 ಜನವರಿ ರಸ್ತೆಗೆ ಬನ್ನಿ. ಒಂದೇ ಮನೆ ಆರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ನೋಡಿ. ಗಿಲಾವು ಉದುರಿದ ಕಡೆ ಕೆಂಪು ಚಿರೆಕಲ್ಲು ಕಾಣುತ್ತದೆ. ಮೈತುಂಬ ತೂತಿರುವ ಕಲ್ಲು. ಗೋವಾದ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಬಿಡುತ್ತದೆ. ಅದಕ್ಕೆ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಸರಿ. ಸುಣ್ಣ ಗಾಳಿಗೆ ಗಟ್ಟಿಯಾಗುತ್ತ ಮತ್ತೆ ಕಲ್ಲಾಗುತ್ತದೆ, ಆದರೆ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ. ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ನೀರಿಗೆ ದಾರಿಯೇ ಇಲ್ಲ. ನೆಲದಿಂದ ಮೊಣಕಾಲಿನ ಎತ್ತರದವರೆಗೆ ಬಣ್ಣ ಉಬ್ಬಿ ಸಿಪ್ಪೆ ಎದ್ದಿದ್ದರೆ, ಬಿಳಿ ಸವಳು ಕಂಡರೆ, ಅಲ್ಲಿ ಸಿಮೆಂಟ್ ಹಾಕಿರಬಹುದು ಎಂದು ಅನುಮಾನಿಸಿ. ಈ ಕೇರಿ ಇನ್ನೂ ನೂರು ವರ್ಷ ನಿಲ್ಲುತ್ತದೋ ಇಲ್ಲವೋ ಎನ್ನುವುದು ಆ ಮೊಣಕಾಲೆತ್ತರದಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ. ಮನೆ ಮಾಲೀಕರಿಗೆ ಇದನ್ನೇ ಹೇಳುತ್ತೇನೆ, ಖರ್ಚು ಹೆಚ್ಚಾದರೂ ಸುಣ್ಣ ಬಿಡಬೇಡಿ ಅಂತ.

ಬಣ್ಣಗಳ ಬಗ್ಗೆ ಇಲ್ಲಿಯ ಹಿರಿಯರು ಹೇಳುವುದಿಷ್ಟು: ಪೋರ್ಚುಗೀಸರ ಕಾಲದಲ್ಲಿ ಅಪ್ಪಟ ಬಿಳಿ ಇಗರ್ಜಿಗೆ ಮೀಸಲು, ಮನೆಗಳಿಗೆ ಬಣ್ಣವೇ ಆಗಬೇಕು. ಬಿಳಿ ಬಂದರೆ ಕಿಟಕಿ-ಬಾಗಿಲಿನ ಅಂಚಿಗೆ ಮಾತ್ರ. ಸುಣ್ಣಕ್ಕೆ ಹಳದಿ ಮಣ್ಣು, ಕೆಂಪು ಕಾವಿ, ನೀಲಿ ಬೆರೆಸಿ ಮಾಡಿದ ಬಣ್ಣ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಮಾಸುತ್ತದೆ. ಆ ಮಾಸಿದ ಹಳದಿಯ ಚೆಂದ ಡಬ್ಬಿ ಬಣ್ಣಕ್ಕೆ ಬರುವುದಿಲ್ಲ.

ಕಣ್ಣು ಮೇಲೆತ್ತಿ. ಕಬ್ಬಿಣದ ಕಟಕಟೆಯ ಬಾಲ್ಕನಿ, ಅದರ ಮೇಲೆ ಮಂಗಳೂರು ಹೆಂಚು. ಹಳೆಯ ಕಿಟಕಿಗಳಲ್ಲಿ ಗಾಜಿನ ಬದಲು ಚಿಪ್ಪು ಇರುತ್ತದೆ. ಜುವಾರಿ ನದಿಯ ಅಳಿವೆಯಲ್ಲಿ ಸಿಗುವ ತೆಳು, ಚಪ್ಪಟೆ ಚಿಪ್ಪನ್ನು ಚೌಕ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂಡಿಸುತ್ತಿದ್ದರು. ಬೆಳಕು ಹಾಲಿನಂತೆ ಒಳಗೆ ಬರುತ್ತದೆ, ಝಳ ಬರುವುದಿಲ್ಲ, ಹೊರಗಿನವರಿಗೆ ಒಳಗಿನದು ಕಾಣುವುದೂ ಇಲ್ಲ. ಇಂಥ ಕಿಟಕಿ ಕಡಿಮೆಯಾಗುತ್ತಿವೆ. ಕಂಡರೆ ನಿಂತು ನೋಡಿ, ಕೈ ಹಚ್ಚಬೇಡಿ.

ಇವು ಜನ ಬಾಳುತ್ತಿರುವ ಮನೆಗಳು. ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಬಾಗಿಲಲ್ಲಿ ಅಜ್ಜಿ ಕೂತಿದ್ದರೆ ಮೊದಲು ಕೇಳಿ, ಒಪ್ಪಿದರೆ ಕೊಂಕಣಿಯಲ್ಲಿ ಧನ್ಯವಾದ ಹೇಳಿ, ‘ದೇವ್ ಬರೆಂ ಕರೂಂ’ ಎನ್ನಿ. ಒಪ್ಪದಿದ್ದರೆ ಮುಂದೆ ನಡೆಯಿರಿ. ಮಧ್ಯಾಹ್ನ ಊಟದ ನಂತರ ಗದ್ದಲ ಬೇಡವೇ ಬೇಡ, ಅದು ಅವರು ಮಲಗುವ ಹೊತ್ತು. ಮೊಣಕಾಲು ಗಟ್ಟಿ ಇದ್ದವರು ಮಳಾ ಕಡೆಯಿಂದ ಗುಡ್ಡ ಹತ್ತಿ ಮಾರುತಿ ಗುಡಿಗೆ ಹೋಗಿ ಬರಬಹುದು, ಹೆಂಚುಗಳೆಲ್ಲ ಕಾಣುತ್ತವೆ.

ಉತ್ತರಕ್ಕೆ ನಡೆದರೆ ಸಾಂ ತೊಮೆ, ಅಂಚೆ ಕಚೇರಿ, ಆಮೇಲೆ ಮಾಂಡವಿ ದಂಡೆ. ಅಲ್ಲಿರುವ ಹಳೆಯ ಸೆಕ್ರೆಟರಿಯೇಟ್ ಮೂಲದಲ್ಲಿ ನಮ್ಮ ವಿಜಾಪುರದ ಯೂಸುಫ್ ಆದಿಲ್‌ಶಾಹನ ಅರಮನೆ. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವಾ ಗೆದ್ದ; 1759ರಲ್ಲಿ ವೈಸರಾಯ್ ಬಂದು ಇಳಿದದ್ದು ಇದೇ ಕಟ್ಟಡಕ್ಕೆ. ವಿಜಾಪುರದ ಕಮಾನು ಹುಡುಕಬೇಡಿ, ತಿದ್ದಿ ತಿದ್ದಿ ಪೂರಾ ಪೋರ್ಚುಗೀಸ್ ಮಾಡಿದ್ದಾರೆ. ಗೇಟಿನ ಹತ್ತಿರ ನಿಂತರೆ ಅದರ ಉದ್ದ ಗೊತ್ತಾಗುವುದಿಲ್ಲ. ವಾಹನ ನೋಡಿಕೊಂಡು ರಸ್ತೆ ದಾಟಿ, ನದಿಯ ಕಡೆಯ ಫುಟ್‌ಪಾತಿನಿಂದ ನೋಡಿ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ನಡೆದೇ ವಾಪಸ್ ಬರಬಹುದು.